ಲಕ್ಷದಲ್ಲಿ ಒಂದನ್ನು ಮುಟ್ಟಿ ತಿಳಿಯುವ ಕೋಶ

ಒಂದಗುಳು ಹಿಚುಕಿ ನೋಡಿದರೆ ಸಾಕು, ಪಾತ್ರೆಯ ಅನ್ನವೆಲ್ಲ ಬೆಂದಿದೆಯೋ ಇಲ್ಲವೋ ತಿಳಿಯುತ್ತದೆ. ನಮ್ಮ ರಕ್ತದಲ್ಲಿ ಅಲೆಯುವ ಟಿ ಕೋಶ ಎಂಬ ರೋಗನಿರೋಧಕ ಕೋಶಕ್ಕೆ ಈ ಅನುಕೂಲವಿಲ್ಲ. ಮೈಯ ಒಂದು ಸಾಧಾರಣ ಜೀವಕೋಶದ ಹೊರಮೈ ಮೇಲೆ ಸುಮಾರು 1 ಲಕ್ಷ ಪ್ರೊಟೀನ್ ಚೂರುಗಳು ಸದಾ ಕಾಣುವಂತೆ ಕೂತಿರುತ್ತವೆ. ಒಂದು ಅಕ್ಕಿಕಾಳು 20 ಮಿಲಿಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ ಅಷ್ಟು ಕಾಳು ಸೇರಿ ಎರಡು ಕಿಲೊ ಆಗುತ್ತದೆ. ಕೋಶದೊಳಗೆ ವೈರಸ್ ಹೊಕ್ಕಿದ್ದರೆ ಆ ಎರಡು ಕಿಲೊದಲ್ಲಿ ಬೇರೆಯದೆನ್ನಬಹುದಾದ ಕಾಳು ಒಂದಿರಬಹುದು, ಮೂರಿರಬಹುದು. ಉಳಿದದ್ದೆಲ್ಲ ನಮ್ಮದೇ. ಟಿ ಕೋಶ ಆ ಮೂರನ್ನು ಕಂಡುಹಿಡಿಯಬೇಕು, ಮಿಕ್ಕ 99,997ನ್ನು ತಪ್ಪಿಯೂ ವೈರಿ ಎಂದು ತಿಳಿಯಬಾರದು. ಅದಕ್ಕೆ ಸಿಗುವ ಹೊತ್ತು ಸುಮಾರು ಒಂದು ನಿಮಿಷ. ಅದಕ್ಕೆ ಕಣ್ಣಿಲ್ಲ, ಮುಟ್ಟಿಯೇ ತಿಳಿಯಬೇಕು.

ಇದನ್ನು ಅದು ಮಾಡುತ್ತದೆ. ಈಗ ಈ ಸಾಲು ಓದುತ್ತಿರುವ ನಿಮ್ಮೊಳಗೂ ಮಾಡುತ್ತಿದೆ.

ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಸೆಂಡರ್, ರಾನ್ ಮಿಲೊ ಮತ್ತು ಸಂಗಡಿಗರು 2023ರಲ್ಲಿ ಮನುಷ್ಯನ ರೋಗನಿರೋಧಕ ಕೋಶಗಳನ್ನೆಲ್ಲ ಲೆಕ್ಕ ಹಾಕಿದರು. ಒಟ್ಟು ಸುಮಾರು 1.8 ಲಕ್ಷ ಕೋಟಿ, ತೂಕ ಸುಮಾರು 1.2 ಕಿಲೊ. ಅದರಲ್ಲಿ ಟಿ ಕೋಶಗಳ ಪಾಲು ಕೆಲವು ಹತ್ತು ಸಾವಿರ ಕೋಟಿ. ಸಾಮಾನ್ಯವಾಗಿ ಹೇಳುವ ಅಂಕಿ 40 ಸಾವಿರ ಕೋಟಿ. ಒಂದೊಂದೂ ಸುಮಾರು ಏಳು ಮೈಕ್ರಾನ್ ಅಡ್ಡಗಲದ ಗುಂಡು, ತೂಕ ನ್ಯಾನೋಗ್ರಾಮಿನ ಐದರಲ್ಲೊಂದು ಭಾಗಕ್ಕಿಂತ ಸ್ವಲ್ಪ ಕಡಿಮೆ. ಇಷ್ಟು ಸಣ್ಣದು ಹುಡುಕುವುದು ತನಗಿಂತಲೂ ಎಷ್ಟೋ ಸಣ್ಣದನ್ನು. ಅದು ಗುರುತಿಸುವ ಪೆಪ್ಟೈಡ್ ಎಂದರೆ ಒಂಬತ್ತೋ ಹತ್ತೋ ಅಮೈನೊ ಆಮ್ಲಗಳ ಒಂದು ತುಂಡು ಸರ. ಟಿ ಕೋಶದ ತೂಕ ಅದರ ತೂಕಕ್ಕಿಂತ ಸುಮಾರು ಹತ್ತು ಸಾವಿರ ಕೋಟಿ ಪಟ್ಟು ಹೆಚ್ಚು. ಆ ಒಂದು ತುಂಡಿನ ಸ್ಪರ್ಶಕ್ಕೆ ಇಡೀ ಕೋಶ ನಡೆ ನಿಲ್ಲಿಸುತ್ತದೆ, ಆಕಾರ ಬದಲಿಸುತ್ತದೆ, ಕೊಲ್ಲಲು ಅಣಿಯಾಗುತ್ತದೆ.

ಯಾವುದರಿಂದ ಮುಟ್ಟುತ್ತದೆ? 1980ರ ಹೊತ್ತಿಗೆ ಈ ಪ್ರಶ್ನೆಗೆ ಉತ್ತರ ಹುಡುಕಿ ಎಷ್ಟೋ ಪ್ರಯೋಗಾಲಯಗಳು ಸೋತಿದ್ದವು. ಬಿ ಕೋಶಗಳು ಸುರಿಸುವ ಪ್ರತಿಕಾಯದ ವಿಷಯ ಆಗಲೇ ಬಹಳಷ್ಟು ಗೊತ್ತಿತ್ತು. ಜೀನುಗಳ ತುಂಡುಗಳನ್ನು ಕತ್ತರಿಸಿ ಹೊಸದಾಗಿ ಜೋಡಿಸಿ ಪ್ರತಿಕಾಯ ತಯಾರಾಗುತ್ತದೆ ಎಂದು ಸುಸುಮು ಟೊನೆಗಾವ 1976ರಲ್ಲೇ ತೋರಿಸಿದ್ದರು. ಟಿ ಕೋಶ ಮುಟ್ಟಲು ಬಳಸುವ ಗ್ರಾಹಿ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಪ್ರತಿಕಾಯ ರಕ್ತದಲ್ಲಿ ಧಾರಾಳವಾಗಿ ತೇಲುತ್ತದೆ, ಗ್ರಾಹಿ ಕೋಶದ ಪೊರೆ ಬಿಟ್ಟು ಕದಲುವುದಿಲ್ಲ. ಒಂದು ಕೋಶದ ಮೇಲೆ ಸುಮಾರು 30 ಸಾವಿರ, ಅಷ್ಟೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಮಾರ್ಕ್ ಡೇವಿಸ್ ಎಂಬ ತರುಣ ವಿಜ್ಞಾನಿ ಹಿಡಿದದ್ದು ಕಳೆಯುವ ಲೆಕ್ಕದ ದಾರಿ. ಬಿ ಕೋಶ, ಟಿ ಕೋಶ ಎರಡೂ ಹತ್ತಿರದ ಬಂಧುಗಳು. ಅವು ಬಳಸುವ ಜೀನುಗಳಲ್ಲಿ ಸುಮಾರು 98 ಶೇಕಡ ಒಂದೇ ಎಂದು ಅವರು ಅಳೆದಿದ್ದರು. ಟಿ ಕೋಶದ ಜೀನ್ ಸಂದೇಶಗಳಿಂದ ಬಿ ಕೋಶದಲ್ಲೂ ಇರುವುದನ್ನೆಲ್ಲ ಕಳೆದರೆ ಉಳಿಯುವುದು ಎರಡು ಶೇಕಡ. ಗ್ರಾಹಿ ಪೊರೆಯಲ್ಲಿ ಕೂರುವ ಪ್ರೊಟೀನ್ ತಾನೆ? ಹಾಗಿದ್ದರೆ ಪೊರೆಗಂಟಿದ ಸಂದೇಶಗಳನ್ನಷ್ಟೇ ಆರಿಸಿಕೊಳ್ಳಬಹುದು, ಅವು ಒಟ್ಟಿನಲ್ಲಿ ಸುಮಾರು ಮೂರು ಶೇಕಡ. ಎರಡೂ ಜರಡಿ ಹಿಡಿದ ಮೇಲೆ ಡೇವಿಸ್ ಮತ್ತು ಸ್ಟೀಫನ್ ಹೆಡ್ರಿಕ್ ಕೈಯಲ್ಲಿ ಉಳಿದದ್ದು ಟಿ ಕೋಶಕ್ಕೇ ಮೀಸಲಾದ ಹತ್ತು ಜೀನ್ ತುಂಡುಗಳು. ಆ ಹತ್ತರಲ್ಲಿ ಒಂದು ಮಾತ್ರ ಟಿ ಕೋಶದಿಂದ ಟಿ ಕೋಶಕ್ಕೆ ಬೇರೆ ಬೇರೆಯಾಗಿ ಜೋಡಣೆಗೊಂಡಿತ್ತು. ಅದೇ ಅವರು ಹುಡುಕುತ್ತಿದ್ದದ್ದು. 1983ರ ಆಗಸ್ಟಿನಲ್ಲಿ ಕ್ಯೋಟೊದಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಡೇವಿಸ್ ಇದನ್ನು ಹೇಳಿದರು. ಇಲಿಯ ಗ್ರಾಹಿಯ ಬಗ್ಗೆ ಅವರ ಲೇಖನಗಳು, ಮನುಷ್ಯನ ಗ್ರಾಹಿಯ ಬಗ್ಗೆ ಟೊರಾಂಟೊದ ಟಾಕ್ ಮಾಕ್ ತಂಡದ ಲೇಖನ, ಎಲ್ಲವೂ 1984ರ ಮಾರ್ಚ್ 8ರ 'ನೇಚರ್' ಸಂಚಿಕೆಯಲ್ಲಿ ಒಟ್ಟಿಗೆ ಬಂದವು. ಡೇವಿಸ್ ಅಷ್ಟರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದ್ದರು. ಆಮೇಲಿನ ನಾಲ್ಕು ದಶಕ ಅವರ ಪ್ರಯೋಗಾಲಯ ಬಿಡದೆ ಕೇಳಿದ್ದು ಒಂದೇ ಪ್ರಶ್ನೆ: ಈ ಗ್ರಾಹಿ ಹೇಗೆ ಗುರುತಿಸುತ್ತದೆ?

ಏನನ್ನು ಗುರುತಿಸುತ್ತದೆ ಎಂಬುದರ ಅರ್ಧ ಉತ್ತರ ಆಗಲೇ ಸಿಕ್ಕಿತ್ತು. ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ 1974ರಲ್ಲಿ ತೋರಿಸಿದ ಹಾಗೆ ಟಿ ಕೋಶ ವೈರಸ್ಸನ್ನು ಬಿಡಿಯಾಗಿ ಗುರುತಿಸುವುದಿಲ್ಲ. ತನ್ನದೇ ದೇಹದ ಒಂದು ಅಣುವಿನ ಜೊತೆಯಲ್ಲಿ ಬಂದಾಗ ಮಾತ್ರ ಗುರುತಿಸುತ್ತದೆ. ಇದಕ್ಕೆ ಅವರಿಗೆ 1996ರಲ್ಲಿ ನೊಬೆಲ್ ಬಂತು. ಮನುಷ್ಯರಲ್ಲಿ ಆ ಅಣುವಿನ ಹೆಸರು ಎಚ್‌ಎಲ್‌ಎ. ಹಾರ್ವರ್ಡಿನ ಡಾನ್ ವೈಲಿ ಅವರ ಪ್ರಯೋಗಾಲಯದಲ್ಲಿ ಪಮೇಲಾ ಬ್ಯೋರ್ಕ್‌ಮನ್ ಎಂಬ ಸಂಶೋಧಕಿ ವರ್ಷಗಟ್ಟಲೆ ದುಡಿದು ಅದರ ಆಕಾರವನ್ನು 1987ರಲ್ಲಿ ಬಿಡಿಸಿದರು. ಅಣುವಿನ ನೆತ್ತಿಯ ಮೇಲೆ ಒಂದು ಉದ್ದನೆಯ ತಗ್ಗು, ಆ ತಗ್ಗಿನಲ್ಲಿ ಯಾವ ಲೆಕ್ಕಕ್ಕೂ ಸಿಗದ ಏನೋ ಒಂದು ಮಸುಕು. ಅದು ಹಲವು ಪೆಪ್ಟೈಡುಗಳು ಒಂದರ ಮೇಲೊಂದು ಬಿದ್ದ ಚಿತ್ರ. ಕೋಶದೊಳಗೆ ಪ್ರೊಟೀನುಗಳನ್ನು ಕತ್ತರಿಸಿ ಆ ತಗ್ಗಿನಲ್ಲಿ ಕೂರಿಸಿ ಹೊರಮೈಗೆ ಕಳಿಸುವ ಕೆಲಸ ಹಗಲಿರುಳು ನಡೆಯುತ್ತದೆ. ಟಿ ಕೋಶ ಮುಟ್ಟಿ ನೋಡುವುದು ಆ ತಗ್ಗಿನ ಅಂಚುಗಳನ್ನು, ಅದರಲ್ಲಿ ಕೂತ ಪೆಪ್ಟೈಡಿನ ಬೆನ್ನನ್ನು.

ಎಷ್ಟು ಬಗೆಯ ಪೆಪ್ಟೈಡುಗಳು ಬರಬಹುದು? ಅಮೈನೊ ಆಮ್ಲಗಳು 20 ಬಗೆ. ಒಂಬತ್ತು ಸ್ಥಾನಗಳಲ್ಲಿ ಯಾವುದು ಎಲ್ಲಿಯಾದರೂ ಕೂರಬಹುದು ಎಂದರೆ 20ನ್ನು ಒಂಬತ್ತು ಸಲ ಗುಣಿಸಬೇಕು: 51,200 ಕೋಟಿ. ಒಬ್ಬರ ಎಚ್‌ಎಲ್‌ಎ ತಗ್ಗಿನಲ್ಲಿ ಇವೆಲ್ಲ ಕೂರುವುದಿಲ್ಲ, ನೂರಕ್ಕೆ ಒಂದೋ ಎರಡೋ ಕೂರುತ್ತವೆ ನಿಜ. ಆದರೆ ಒಬ್ಬೊಬ್ಬರಲ್ಲಿ ಎಚ್‌ಎಲ್‌ಎ ಹಲವು ಬಗೆಯವಿರುತ್ತವೆ, ಹತ್ತು, ಹನ್ನೊಂದು ಅಥವಾ ಇನ್ನೂ ಉದ್ದದ ಪೆಪ್ಟೈಡುಗಳೂ ಬರುತ್ತವೆ. ಲೋಕದಲ್ಲಿ ಇದುವರೆಗೆ ಪಟ್ಟಿ ಮಾಡಿದ ಎಚ್‌ಎಲ್‌ಎ ರೂಪಗಳೇ 40 ಸಾವಿರ ದಾಟಿವೆ. ಅಸ್ಥಿಮಜ್ಜೆ ದಾನಿಗಾಗಿ ಕಾಯುವ ಮನೆಯವರು ಒಂದು ಹೊಂದಿಕೆಗಾಗಿ ಅಷ್ಟೊಂದು ಪರದಾಡುವುದು ಈ ವೈವಿಧ್ಯದಿಂದಲೇ.

ಎದುರಿನ ಪಾಳಯದ ಲೆಕ್ಕವನ್ನೂ ನೋಡೋಣ. ಗ್ರಾಹಿಗೆ ಎರಡು ಎಳೆ, ಆಲ್ಫಾ ಮತ್ತು ಬೀಟಾ. ಬೀಟಾ ಎಳೆಗೆ ಮೂರು ಗುಂಪುಗಳಿಂದ ಒಂದೊಂದು ಜೀನ್ ತುಂಡು ಆರಿಸಬೇಕು. ಗುಂಪುಗಳಲ್ಲಿ ಸುಮಾರು 48, 2, 13 ತುಂಡುಗಳಿವೆ. ಆಲ್ಫಾಕ್ಕೆ ಎರಡೇ ಗುಂಪು, ಸುಮಾರು 45 ಮತ್ತು 50. ಎಲ್ಲ ಗುಣಿಸಿದರೆ ಸುಮಾರು 28 ಲಕ್ಷ ಜೋಡಿಗಳು. ಸಾಕಷ್ಟಾಯಿತು ಎನ್ನಿಸುತ್ತದೆ, ಆದರೆ ನಿಜವಾದ ಸಂಪತ್ತು ಬೆಸುಗೆಯಲ್ಲಿದೆ. ತುಂಡುಗಳು ಕೂಡುವ ಜಾಗದಲ್ಲಿ ಕೋಶ ಕೆಲವು ಡಿಎನ್‌ಎ ಅಕ್ಷರಗಳನ್ನು ಕಡಿಯುತ್ತದೆ, ಬಳಿಕ ಯಾವ ಅಚ್ಚನ್ನೂ ನೋಡದೆ ಮನಬಂದ ಅಕ್ಷರಗಳನ್ನು ಸೇರಿಸುತ್ತದೆ. ವಂಶವಾಹಿಯನ್ನು ಕಾಪಾಡುವುದಕ್ಕೇ ಇಷ್ಟೆಲ್ಲ ಏರ್ಪಾಡು ಮಾಡಿಕೊಂಡಿರುವ ಜೀವಲೋಕ ಇಲ್ಲಿ ಮಾತ್ರ ಬೇಕೆಂದೇ ಅದನ್ನು ಕದಡುತ್ತದೆ. ಇದನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಈ ಕದಡಿಕೆಯಿಂದ 28 ಲಕ್ಷ ಎಂಬುದು ಕಡಿಮೆಯೆಂದರೂ ಹತ್ತು ಕೋಟಿ ಕೋಟಿಗೆ ಏರುತ್ತದೆ. 1ರ ಮುಂದೆ 15 ಸೊನ್ನೆ. ಡೇವಿಸ್ ಮತ್ತು ಅಷ್ಟರಲ್ಲಿ ಅವರ ಪ್ರಯೋಗಾಲಯಕ್ಕೆ ಬಂದಿದ್ದ ಬ್ಯೋರ್ಕ್‌ಮನ್ 1988ರಲ್ಲಿ ಈ ವೈವಿಧ್ಯವನ್ನು ಲೆಕ್ಕ ಹಾಕಿ ಬರೆದರು. ಅತಿ ಹೆಚ್ಚು ಕದಡಿದ ಭಾಗವೇ ಪೆಪ್ಟೈಡಿನ ನೇರ ಮೇಲೆ ಕೂರುತ್ತದೆ ಎಂದೂ ಊಹಿಸಿದರು. ಎಂಟು ವರ್ಷಗಳ ಬಳಿಕ, 1996ರಲ್ಲಿ, ಗ್ರಾಹಿ ಪೆಪ್ಟೈಡನ್ನು ಮುಟ್ಟಿರುವ ಮೊದಲ ಸ್ಫಟಿಕ ಚಿತ್ರಗಳು ಬಂದಾಗ ಊಹೆ ಬಹುಮಟ್ಟಿಗೆ ಸರಿಯಾಗಿತ್ತು.

ಸಾಮಾನ್ಯವಾಗಿ ಕತೆಯನ್ನು ಈ ದೊಡ್ಡ ಅಂಕಿಗೆ ತಂದು ನಿಲ್ಲಿಸುತ್ತಾರೆ: ಪೆಪ್ಟೈಡುಗಳು ಎಷ್ಟೇ ಬಗೆಯವಿರಲಿ, ಗ್ರಾಹಿಗಳು ಅದಕ್ಕೂ ಹೆಚ್ಚು ಬಗೆ, ಆದ್ದರಿಂದ ಎಲ್ಲಕ್ಕೂ ಒಂದೊಂದು ಇದ್ದೇ ಇರುತ್ತದೆ. ತೂಕ ಹಾಕಿ ನೋಡಿದರೆ ಈ ಮಾತು ಕುಸಿಯುತ್ತದೆ. ಬಗೆಗೆ ಒಂದೇ ಒಂದು ಕೋಶ ಇಟ್ಟುಕೊಂಡರೂ ಹತ್ತು ಕೋಟಿ ಕೋಟಿ ಟಿ ಕೋಶಗಳು ಸುಮಾರು 180 ಕಿಲೊ ತೂಗುತ್ತವೆ. ಇಲಿಯಲ್ಲೂ ಇದೇ ಏರ್ಪಾಡು ಇದೆ, ಇಲಿ ತೂಗುವುದು 20 ಗ್ರಾಂ. ಆಕ್ಸ್‌ಫರ್ಡಿನ ಡಾನ್ ಮೇಸನ್ 1998ರಲ್ಲಿ ಈ ಬಗೆಯ ಸರಳ ಲೆಕ್ಕವನ್ನು ಮುಂದಿಟ್ಟು ಕೇಳಿದ ಪ್ರಶ್ನೆಯನ್ನು ಯಾರೂ ತಳ್ಳಿಹಾಕಲು ಆಗಲಿಲ್ಲ. ಆಗಬಹುದಾದ ಗ್ರಾಹಿಗಳ ಸಂಖ್ಯೆ ಬೇರೆ, ಒಂದು ದೇಹದಲ್ಲಿ ನಿಜವಾಗಿ ಇರುವ ಗ್ರಾಹಿಗಳ ಸಂಖ್ಯೆ ಬೇರೆ. 2014ರಲ್ಲಿ ಸ್ಟ್ಯಾನ್‌ಫರ್ಡಿನ ಇನ್ನೊಂದು ತಂಡ ರಕ್ತದಿಂದ ಎಣಿಸಿದಾಗ ಯುವಕರಲ್ಲಿ ಸಿಕ್ಕಿದ ಬೇರೆ ಬೇರೆ ಬೀಟಾ ಎಳೆಗಳ ಅಂದಾಜು 6ರಿಂದ 12 ಕೋಟಿ. ವಯಸ್ಸಾದವರಲ್ಲಿ ಅದು ಎರಡರಿಂದ ಐದು ಪಟ್ಟು ಕಡಿಮೆ.

ಹತ್ತು ಕೋಟಿ ಗ್ರಾಹಿಗಳು, 51,200 ಕೋಟಿ ಪೆಪ್ಟೈಡುಗಳು. ಒಂದಕ್ಕೆ ಒಂದೇ ಎಂದಾದರೆ ಐದು ಸಾವಿರ ಪೆಪ್ಟೈಡುಗಳಲ್ಲಿ ಒಂದಕ್ಕೆ ಮಾತ್ರ ಉತ್ತರ ಇರುತ್ತದೆ. ಉಳಿದ 4,999 ನಮ್ಮ ಕಣ್ಣಿಗೇ ಬೀಳುವುದಿಲ್ಲ. ವೈರಸ್ಸುಗಳು ಆ ತೆರವಿನಲ್ಲೇ ಮನೆ ಮಾಡಿಕೊಂಡು ನಮ್ಮನ್ನು ಎಂದೋ ಮುಗಿಸಿರುತ್ತಿದ್ದವು. ಹಾಗಾಗಿಲ್ಲ. ಆದ್ದರಿಂದ ಒಂದೊಂದು ಗ್ರಾಹಿಯೂ ಲೆಕ್ಕವಿಲ್ಲದಷ್ಟು ಪೆಪ್ಟೈಡುಗಳನ್ನು ಗುರುತಿಸಬಲ್ಲದಾಗಿರಬೇಕು. ಮೇಸನ್ ಲೆಕ್ಕದಲ್ಲಿ ಆ ಸಂಖ್ಯೆ ಹತ್ತು ಲಕ್ಷದ ಆಸುಪಾಸು. ಹದಿನಾಲ್ಕು ವರ್ಷ ಅದು ಕಾಗದದ ಮೇಲಿನ ಲೆಕ್ಕವಾಗಿಯೇ ಉಳಿಯಿತು. 2012ರಲ್ಲಿ ಕಾರ್ಡಿಫ್ ವಿಶ್ವವಿದ್ಯಾಲಯದ ಆ್ಯಂಡ್ರೂ ಸೀವೆಲ್ ತಂಡ ಒಂದೇ ಒಂದು ಗ್ರಾಹಿಯನ್ನು ಹಿಡಿದು ಅಳೆಯಿತು. ಅದು ಟೈಪ್ 1 ಮಧುಮೇಹ ಇದ್ದ ಒಬ್ಬರ ರಕ್ತದಿಂದ ಬಂದ ಟಿ ಕೋಶ, ಇನ್ಸುಲಿನ್ ತಯಾರಿಸುವ ಕೋಶಗಳನ್ನು ಕೊಲ್ಲುವಂಥದ್ದು. ಹತ್ತು ಅಕ್ಷರದ, ಅಂದರೆ ಹತ್ತು ಅಮೈನೊ ಆಮ್ಲಗಳ, ಪೆಪ್ಟೈಡುಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಬಗೆಯವಕ್ಕೆ ಅದು, ಇನ್ಸುಲಿನ್ ಮೂಲದ ಪೆಪ್ಟೈಡಿಗೆ ಸ್ಪಂದಿಸುವಷ್ಟೇ ಅಥವಾ ಅದಕ್ಕಿಂತ ಚೆನ್ನಾಗಿ ಸ್ಪಂದಿಸುತ್ತಿತ್ತು.

ಇಲ್ಲಿಗೆ ಬಂದಾಗ ಮನಸ್ಸು ಗೊಂದಲಕ್ಕೆ ಬೀಳಬೇಕು, ನನ್ನದು ಬಿದ್ದಿತ್ತು. ಲಕ್ಷದಲ್ಲಿ ಒಂದನ್ನು ಆರಿಸುವ ಕೋಶ ಹತ್ತು ಲಕ್ಷಕ್ಕೆ ತಲೆದೂಗುತ್ತದೆ ಎಂದರೆ ಏನರ್ಥ? ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ? ಹತ್ತು ಅಕ್ಷರದ ಪೆಪ್ಟೈಡುಗಳು ಒಟ್ಟು ಹತ್ತು ಲಕ್ಷ ಕೋಟಿಗೂ ಹೆಚ್ಚು ಎಂಬುದನ್ನು ನೆನೆದರೆ ಸ್ವಲ್ಪ ತಿಳಿಯಾಗುತ್ತದೆ. ಅಷ್ಟರಲ್ಲಿ ಹತ್ತು ಲಕ್ಷ ಎಂದರೆ ಕೋಟಿಗೆ ಒಂದು. ಕಣ್ಣೆದುರಿನ ಕೋಶದ ಮೇಲೆ ಇರುವ ಲಕ್ಷದಲ್ಲಿ ಅಂಥದ್ದೊಂದು ಆಕಸ್ಮಿಕವಾಗಿ ಸಿಗುವುದು ಅಪರೂಪ. ಬಗೆಯಲ್ಲಿ ಉದಾರ, ಎದುರಿನಲ್ಲಿ ಕಟ್ಟುನಿಟ್ಟು. ಆದರೂ ಇದು ಅರ್ಧ ಸಮಾಧಾನವೇ. ಗುರುತಿಸಬೇಕಾದ ಪೆಪ್ಟೈಡಿಗೂ ಪಕ್ಕದಲ್ಲೇ ಕೂತ ನಮ್ಮದೇ ಪೆಪ್ಟೈಡಿಗೂ ಎಷ್ಟೋ ಸಲ ಒಂದೆರಡು ಅಕ್ಷರಗಳದ್ದೇ ಅಂತರ. ಅಷ್ಟು ಸೂಕ್ಷ್ಮ ಬೇಕಾದರೆ ಗ್ರಾಹಿಯ ಹಿಡಿತ ಬಲು ಬಿಗಿಯಾಗಿರಬೇಕು ಅಲ್ಲವೇ?

ಡೇವಿಸ್ ಪ್ರಯೋಗಾಲಯ 1991ರಲ್ಲಿ ಹಿಡಿತವನ್ನು ಅಳೆದಾಗ ಉತ್ತರ ತಿರುಗಾಮುರುಗಾ ಬಂತು. ಗ್ರಾಹಿಯ ಹಿಡಿತ ಪಳಗಿದ ಪ್ರತಿಕಾಯದ ಹಿಡಿತಕ್ಕಿಂತ ಸಾವಿರದಿಂದ ಹತ್ತು ಸಾವಿರ ಪಟ್ಟು ಸಡಿಲ. ಪ್ರತಿಕಾಯ ತನ್ನ ಗುರಿಯನ್ನು ಹಿಡಿದರೆ ಗಂಟೆಗಟ್ಟಲೆ ಬಿಡದಿರಬಹುದು. ಗ್ರಾಹಿ ಕೆಲವೇ ಸೆಕೆಂಡುಗಳಲ್ಲಿ ಕೈಬಿಡುತ್ತದೆ. ಸರಿಯಾದ ಪೆಪ್ಟೈಡಾದರೆ ಐದೋ ಹತ್ತೋ ಸೆಕೆಂಡು, ಹತ್ತಿರದ ತಪ್ಪು ಪೆಪ್ಟೈಡಾದರೆ ಒಂದು ಸೆಕೆಂಡು ಅಥವಾ ಅದಕ್ಕೂ ಕಡಿಮೆ. ಜೀವ ಉಳಿಸುವ, ಜೀವ ತೆಗೆಯುವ ತೀರ್ಮಾನ ಈ ಕೆಲವು ಸೆಕೆಂಡುಗಳ ಅಂತರದ ಮೇಲೆ ನಿಂತಿದೆ.

ನಾನು ಈ ಲೇಖನ ಬರೆಯಲು ಕಾರಣವಾದ ಸಂಗತಿ ಇದೇ. ದೊಡ್ಡ ಸಂಖ್ಯೆಗಳು ಬೆರಗು ಹುಟ್ಟಿಸುತ್ತವೆ, ಆದರೆ ನನ್ನ ದೃಷ್ಟಿಯಲ್ಲಿ ನಿಜವಾದ ಬೆರಗು ಈ ಸಡಿಲ ಹಿಡಿತದಲ್ಲಿದೆ. ಕೋಶ ಬಲವನ್ನು ಬಿಟ್ಟುಕೊಟ್ಟು ಕಾಲವನ್ನು ಅಳೆಯುತ್ತದೆ. ಹೇಗೆಂದು 1995ರಲ್ಲಿ ತಿಮೊತಿ ಮೆಕೀತನ್ ಒಂದು ವಿವರಣೆ ಕೊಟ್ಟರು. ಅದರ ಮೂಲ ಕಲ್ಪನೆ ಜಾನ್ ಹಾಪ್‌ಫೀಲ್ಡ್ ಅವರದು. 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಅದೇ ಹಾಪ್‌ಫೀಲ್ಡ್, ಕೋಶಗಳು ಪ್ರೊಟೀನ್ ಕಟ್ಟುವಾಗ ತಪ್ಪು ಹೇಗೆ ಅಷ್ಟು ಕಡಿಮೆ ಎಂದು ವಿವರಿಸಲು 1974ರಲ್ಲಿ ಅದನ್ನು ರೂಪಿಸಿದ್ದರು. ಗ್ರಾಹಿ ಪೆಪ್ಟೈಡನ್ನು ಮುಟ್ಟಿದ ಕೂಡಲೇ ಕೋಶದೊಳಗೆ ಕೂಗು ಏಳುವುದಿಲ್ಲ. ಗ್ರಾಹಿಗೆ ಸೇರಿದ, ಕೋಶದೊಳಗೆ ಚಾಚಿದ ಬಾಲಗಳ ಮೇಲೆ ಒಂದಾದ ಮೇಲೊಂದು ರಾಸಾಯನಿಕ ಗುರುತು ಬೀಳಬೇಕು, ಎಲ್ಲ ಮೆಟ್ಟಿಲು ದಾಟಿದ ಮೇಲೆ ಸಂದೇಶ ಹೊರಡಬೇಕು. ನಡುವೆ ಹಿಡಿತ ತಪ್ಪಿತೋ, ಮತ್ತೆ ಮೊದಲಿನಿಂದ.

ಉದಾಹರಣೆಗೆ ಒಂದು ಕಲ್ಪಿತ ಲೆಕ್ಕ ಮಾಡೋಣ. ಒಂದು ಪೆಪ್ಟೈಡ್ ಸರಾಸರಿ ಹತ್ತು ಸೆಕೆಂಡು ಅಂಟಿಕೊಂಡಿರುತ್ತದೆ, ಇನ್ನೊಂದು ಒಂದೇ ಸೆಕೆಂಡು. ಒಂದೊಂದು ಮೆಟ್ಟಿಲಿಗೆ ಸರಾಸರಿ ಒಂದು ಸೆಕೆಂಡು ಬೇಕು. ಒಂದೇ ಮೆಟ್ಟಿಲಿದ್ದರೆ ಮೊದಲನೆಯದು ದಾಟುವ ಸಾಧ್ಯತೆ ನೂರಕ್ಕೆ 91, ಎರಡನೆಯದು ನೂರಕ್ಕೆ 50. ಇಷ್ಟು ಕಡಿಮೆ ಅಂತರ ನಂಬಿ ಯಾರನ್ನೂ ಕೊಲ್ಲಲಾಗದು. ಹತ್ತು ಮೆಟ್ಟಿಲಿಟ್ಟರೆ? ಮೊದಲನೆಯದಕ್ಕೆ ನೂರಕ್ಕೆ 39, ಎರಡನೆಯದಕ್ಕೆ ಸಾವಿರಕ್ಕೆ ಒಂದು. ಹಿಡಿತದಲ್ಲಿ ಹತ್ತು ಪಟ್ಟಿನ ವ್ಯತ್ಯಾಸ ಸಂದೇಶದಲ್ಲಿ ಸುಮಾರು 400 ಪಟ್ಟಾಗಿ ಬೆಳೆಯಿತು. ಇದಕ್ಕೆ ಹೊಸ ಅಣು ಬೇಡ, ಬಿಗಿ ಹಿಡಿತ ಬೇಡ, ಕಾಯುವ ವ್ಯವಧಾನ ಸಾಕು. ಬಿಗಿ ಹಿಡಿತ ಇದ್ದಿದ್ದರೆ ಈ ಉಪಾಯ ನಡೆಯುತ್ತಲೇ ಇರಲಿಲ್ಲ, ಸರಿ ತಪ್ಪು ಎರಡೂ ಗಂಟೆಗಟ್ಟಲೆ ಅಂಟಿಕೊಂಡು ಎಲ್ಲ ಮೆಟ್ಟಿಲನ್ನೂ ದಾಟಿಬಿಡುತ್ತಿದ್ದವು.

ಕೋಶ ಸುಮ್ಮನೆ ಕಾಯುವುದೂ ಇಲ್ಲ, ಎಳೆದು ನೋಡುತ್ತದೆ. ಜಾರ್ಜಿಯಾ ಟೆಕ್‌ನ ಚೆಂಗ್ ಝು ತಂಡ 2014ರಲ್ಲಿ ಒಂದೊಂದೇ ಗ್ರಾಹಿಯನ್ನು ಎಳೆದು ಅಳೆಯಿತು. ಸಾಮಾನ್ಯ ಬಂಧವನ್ನು ಎಳೆದಷ್ಟೂ ಅದು ಬೇಗ ಬಿಡುತ್ತದೆ. ಸರಿಯಾದ ಪೆಪ್ಟೈಡನ್ನು ಹಿಡಿದ ಗ್ರಾಹಿಯನ್ನು ಎಳೆದಾಗ ಅದು ಇನ್ನಷ್ಟು ಹೊತ್ತು ಹಿಡಿದುಕೊಳ್ಳುತ್ತದೆ. ತಪ್ಪು ಪೆಪ್ಟೈಡಾದರೆ ಜಾರುತ್ತದೆ. ಆ ಎಳೆತ ಸುಮಾರು 10 ಪಿಕೊನ್ಯೂಟನ್, ಅಂದರೆ ಒಂದು ನ್ಯಾನೋಗ್ರಾಂ ವಸ್ತುವಿನ ಭಾರ. ಐದಾರು ಟಿ ಕೋಶಗಳನ್ನು ತೂಗುಹಾಕಿದರೆ ಬೀಳುವಷ್ಟು ಭಾರ.

ಇಷ್ಟೆಲ್ಲ ಸರಿ, ನಿಜಕ್ಕೂ ಒಂದು ಪೆಪ್ಟೈಡ್ ಸಾಕೇ? ಇದನ್ನು ಊಹೆಯಿಂದ ಹೊರತಂದು ಕಣ್ಣಾರೆ ಎಣಿಸಿದ್ದು ಡೇವಿಸ್ ಪ್ರಯೋಗಾಲಯವೇ, 2002ರಲ್ಲಿ. ಡ್ಯಾರೆಲ್ ಅರ್ವಿನ್, ಮಾರ್ಕೊ ಪರ್ಭೂ ಮತ್ತು ಮಿಷೆಲ್ ಕ್ರೋಗ್ಸ್‌ಗಾರ್ಡ್ ಮಾಡಿದ ಆ ಪ್ರಯೋಗ ನನಗೆ ಬಹಳ ಇಷ್ಟ. ಪತಂಗದ ಒಂದು ಪ್ರೊಟೀನಿನಿಂದ ತೆಗೆದ ಪೆಪ್ಟೈಡಿನ ತುದಿಗೆ ಅವರು ಕೆಂಪು ಪಾಚಿಯಿಂದ ಬರುವ ಹೊಳೆಯುವ ಪ್ರೊಟೀನ್ ಒಂದನ್ನು ಕಟ್ಟಿದರು. ಅದು ಎಷ್ಟು ಪ್ರಕಾಶವಾಗಿ ಹೊಳೆಯುತ್ತದೆಂದರೆ ಸೂಕ್ಷ್ಮದರ್ಶಕದಲ್ಲಿ ಒಂದೇ ಅಣು ಒಂದು ಚುಕ್ಕೆಯಾಗಿ ಕಾಣುತ್ತದೆ. ಈ ಪೆಪ್ಟೈಡ್ ಹೊತ್ತ ಕೋಶಗಳ ನಡುವೆ ಟಿ ಕೋಶಗಳನ್ನು ಬಿಟ್ಟರು. ಟಿ ಕೋಶಗಳಿಗೆ ಕ್ಯಾಲ್ಸಿಯಂ ಏರಿದರೆ ಬೆಳಕು ಬದಲಿಸುವ ಬಣ್ಣವನ್ನು ಮೊದಲೇ ಕುಡಿಸಿದ್ದರು. ಎರಡು ಕೋಶಗಳು ತಾಗುವ ಜಾಗದಲ್ಲಿ ಚುಕ್ಕೆಗಳನ್ನು ಎಣಿಸುವುದು, ಕ್ಯಾಲ್ಸಿಯಂ ನೋಡುವುದು. ಚುಕ್ಕೆ ಒಂದೇ ಇದ್ದಾಗಲೂ ಟಿ ಕೋಶ ಅಲೆದಾಟ ನಿಲ್ಲಿಸಿತು, ಕ್ಯಾಲ್ಸಿಯಂ ಸ್ವಲ್ಪ ಹೊತ್ತು ಏರಿ ಇಳಿಯಿತು. ಚುಕ್ಕೆ ಹೆಚ್ಚಾದಂತೆ ಏರಿಕೆಯೂ ಹೆಚ್ಚಿತು. ಹತ್ತರ ಹತ್ತಿರ ಬಂದಾಗ ಅದು ಗರಿಷ್ಠ ಮುಟ್ಟಿ ಅಲ್ಲೇ ನಿಂತಿತು, ಎರಡು ಕೋಶಗಳು ಗಟ್ಟಿಯಾಗಿ ಕಚ್ಚಿಕೊಂಡವು. ಎರಡು ವರ್ಷದ ಮೇಲೆ ಕೊಲ್ಲುವ ಟಿ ಕೋಶಗಳಲ್ಲಿ ಇದನ್ನೇ ಎಣಿಸಿದರು: ಕೊಲ್ಲಲು ಮೂರು ಪೆಪ್ಟೈಡ್ ಸಾಕಾಯಿತು. 30 ಸಾವಿರ ಗ್ರಾಹಿಗಳಿರುವ ಕೋಶಕ್ಕೆ ಮೂರು! ಇಷ್ಟು ಕಡಿಮೆ ಪೆಪ್ಟೈಡ್ ಇಷ್ಟು ದೊಡ್ಡ ಗದ್ದಲ ಎಬ್ಬಿಸಲು ಸಡಿಲ ಹಿಡಿತವೂ ಒಂದು ಕಾರಣವಿರಬಹುದು. ಒಂದು ಗ್ರಾಹಿಯನ್ನು ಬಿಟ್ಟ ಪೆಪ್ಟೈಡ್ ಇನ್ನೊಂದನ್ನು ತಟ್ಟುತ್ತ ಹೋಗುತ್ತದೆ. ಸುಮಾರು ನೂರು ಪೆಪ್ಟೈಡುಗಳು ಸುಮಾರು 18 ಸಾವಿರ ಗ್ರಾಹಿಗಳನ್ನು ಕೆರಳಿಸಬಲ್ಲವೆಂದು ಆಂಟೋನಿಯೊ ಲಾಂಜಾವೆಕಿಯಾ ತಂಡ 1995ರಲ್ಲೇ ಬರೆದಿತ್ತು.

ಹಿಡಿತವನ್ನು ಬಿಗಿ ಮಾಡಿದರೆ ಏನಾಗುತ್ತದೆ ಎಂಬುದು ಕಾಗದದ ಮೇಲಿನ ಪ್ರಶ್ನೆಯಾಗಿ ಉಳಿಯಲಿಲ್ಲ. ಕ್ಯಾನ್ಸರ್ ಕೋಶಗಳ ಮೇಲೆ ಕಾಣುವ ಮೇಜ್-ಎ3 ಎಂಬ ಪ್ರೊಟೀನಿನ ಒಂಬತ್ತು ಅಕ್ಷರದ ಪೆಪ್ಟೈಡನ್ನು ಗುರುತಿಸುವ ಒಂದು ಗ್ರಾಹಿಯನ್ನು ಪ್ರಯೋಗಾಲಯದಲ್ಲಿ ಬದಲಿಸಿ ಹಿಡಿತ ಬಲಪಡಿಸಿದರು. ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ, ಹಲವು ಸುರಕ್ಷಾ ಪರೀಕ್ಷೆಗಳನ್ನೂ ಮಾಡಿದ್ದರು. ಆ ಗ್ರಾಹಿ ಹೊತ್ತ ಟಿ ಕೋಶಗಳನ್ನು ಪಡೆದ ಮೊದಲ ಇಬ್ಬರು ರೋಗಿಗಳೂ ಕೆಲವೇ ದಿನಗಳಲ್ಲಿ ಹೃದಯ ಕುಸಿದು ತೀರಿಕೊಂಡರು. ಅವರ ಹೃದಯದಲ್ಲಿ ಮೇಜ್-ಎ3 ಇರಲೇ ಇಲ್ಲ. ತಿಂಗಳುಗಟ್ಟಲೆ ಹುಡುಕಿದ ಮೇಲೆ ಸಿಕ್ಕಿದ್ದು ಟೈಟಿನ್. ಸ್ನಾಯುಗಳಲ್ಲಿರುವ ಇದು ಮನುಷ್ಯನ ಪ್ರೊಟೀನುಗಳಲ್ಲೆಲ್ಲ ದೊಡ್ಡದು, 34 ಸಾವಿರಕ್ಕೂ ಹೆಚ್ಚು ಅಮೈನೊ ಆಮ್ಲಗಳ ಸರ. ಆ 34 ಸಾವಿರದ ನಡುವೆ ಎಲ್ಲೋ ಒಂದೆಡೆ ಒಂಬತ್ತು ಅಕ್ಷರಗಳು ಮೇಜ್-ಎ3 ಪೆಪ್ಟೈಡನ್ನು ಹೋಲುತ್ತಿದ್ದವು. ಹೋಲಿಕೆ ಎಂದರೂ ಒಂಬತ್ತರಲ್ಲಿ ನಾಲ್ಕು ಅಕ್ಷರ ಬೇರೆ. ಮಾಮೂಲು ಹಿಡಿತದ ಗ್ರಾಹಿ ಅದನ್ನು ಮುಟ್ಟಿ ಬಿಟ್ಟು ಮುಂದೆ ಹೋಗುತ್ತಿತ್ತು. ಬಿಗಿಗೊಳಿಸಿದ ಗ್ರಾಹಿ ಬಿಡಲಿಲ್ಲ. 2013ರಲ್ಲಿ ಈ ವಿವರಗಳೆಲ್ಲ ಪ್ರಕಟವಾದವು. ಬಡಿಯುತ್ತಿರುವ ಹೃದಯಕೋಶಗಳನ್ನು ಬೆಳೆಸಿ ಅವುಗಳ ಮೇಲೆ ಪರೀಕ್ಷಿಸಿದಾಗಷ್ಟೇ ಅಪಾಯ ಕಂಡಿತು. ಕೋಟಿ ವರ್ಷಗಳ ಆಯ್ಕೆಯಲ್ಲಿ ಉಳಿದು ಬಂದ ಸಡಿಲತೆಯನ್ನು ಕೊರತೆಯೆಂದು ಓದಿದ್ದಕ್ಕೆ ಇಬ್ಬರು ತೆತ್ತ ಬೆಲೆ ಇದು.

ಬಿಗಿ ಹಿಡಿತ ಫಲ ಕೊಡುವ ಕಡೆಯೂ ಇದೆ. ಭಾರತದಲ್ಲಿ 2023ರ ಅಕ್ಟೋಬರಿನಲ್ಲಿ ಅನುಮತಿ ಪಡೆದ, ಐಐಟಿ ಬಾಂಬೆಯಲ್ಲಿ ಹುಟ್ಟಿದ ನೆಕ್ಸ್‌ಕಾರ್19 ಚಿಕಿತ್ಸೆಯ ಟಿ ಕೋಶಗಳ ತಲೆಯಲ್ಲಿ ಗ್ರಾಹಿಯ ಬದಲು ಪ್ರತಿಕಾಯದ ತುಂಡು ಕೂತಿದೆ. ಈ ಬಗೆಯ ಕೋಶಗಳು ಬಿಗಿಯಾಗಿಯೇ ಹಿಡಿಯುತ್ತವೆ, ರಕ್ತದ ಕೆಲವು ಕ್ಯಾನ್ಸರುಗಳಲ್ಲಿ ಜೀವ ಉಳಿಸುತ್ತವೆ. ಆದರೆ ಅವು ಕೆರಳಬೇಕಾದರೆ ಎದುರಿನ ಕೋಶದ ಮೇಲೆ ಗುರಿಗಳು ಮೂರು ಇದ್ದರೆ ಸಾಲದು, ನೂರಾರು ಸಾವಿರಾರು ಬೇಕು. ಹಿಡಿತದಲ್ಲಿ ಗೆದ್ದು ಸೂಕ್ಷ್ಮದಲ್ಲಿ ಸೋಲುತ್ತವೆ.

ಸರಿಯಾದ ಟಿ ಕೋಶ ಸರಿಯಾದ ಜಾಗಕ್ಕೆ ತಲುಪುವ ಲೆಕ್ಕವೂ ಸಣ್ಣದಲ್ಲ. ಸಡಿಲ ಹಿಡಿತದಿಂದಾಗಿ ಒಂದು ನಿರ್ದಿಷ್ಟ ಪೆಪ್ಟೈಡನ್ನು ಗುರುತಿಸುವ ಕೋಶಗಳನ್ನು ಬಣ್ಣ ಹಾಕಿ ಹೆಕ್ಕುವುದೇ ಬಹುಕಾಲ ಸಾಧ್ಯವಿರಲಿಲ್ಲ. 1996ರಲ್ಲಿ ಜಾನ್ ಆಲ್ಟ್‌ಮನ್ ಮತ್ತು ಡೇವಿಸ್ ನಾಲ್ಕು ಪೆಪ್ಟೈಡುಗಳನ್ನು ಒಟ್ಟಿಗೆ ಕಟ್ಟಿ ಟೆಟ್ರಮರ್ ಮಾಡಿದರು. ಒಂದು ಜಾರಿದರೆ ಇನ್ನೊಂದು ಹಿಡಿದಿರುತ್ತದೆ. ಅದರಿಂದ ಎಣಿಕೆ ಸುರುವಾಯಿತು. ಮಿನ್ನೆಸೋಟದ ಮಾರ್ಕ್ ಜೆಂಕಿನ್ಸ್ ತಂಡ 2007ರಲ್ಲಿ ಇಡೀ ಇಲಿಯ ಗುಲ್ಮ, ದುಗ್ಧಗ್ರಂಥಿಗಳನ್ನೆಲ್ಲ ಸೋಸಿ ನೋಡಿದಾಗ ಕೋಟಿಗಟ್ಟಲೆ ಟಿ ಕೋಶಗಳ ನಡುವೆ ಒಂದು ಪೆಪ್ಟೈಡಿಗೆ ಹೊಂದುವ ಹೊಸ ಕೋಶಗಳು 20ರಿಂದ 200. ಇಷ್ಟು ಜನ ಇಡೀ ದೇಹಕ್ಕೆ. ಅವು ಎಲ್ಲೆಲ್ಲೋ ಹುಡುಕಾಡುವುದಿಲ್ಲ, ಪೆಪ್ಟೈಡುಗಳೇ ದುಗ್ಧಗ್ರಂಥಿಗೆ ಬರುತ್ತವೆ. ಡೆಂಡ್ರೈಟಿಕ್ ಕೋಶಗಳು ಸೋಂಕಿನ ಜಾಗದಿಂದ ಚೂರುಗಳನ್ನು ಹೊತ್ತು ತರುತ್ತವೆ. ನಿಮಿಷಕ್ಕೆ ಹತ್ತು ಮೈಕ್ರಾನಿನಷ್ಟು ವೇಗದಲ್ಲಿ ಅಲೆಯುವ ಟಿ ಕೋಶಗಳು ಅವಕ್ಕೆ ತಾಗಿ ಹೋಗುತ್ತವೆ. ಮೈಕೆಲ್ ಕಹಲನ್ ತಂಡದ ಅಳತೆಯ ಪ್ರಕಾರ ಒಂದು ಡೆಂಡ್ರೈಟಿಕ್ ಕೋಶಕ್ಕೆ ಗಂಟೆಗೆ 5,000 ಟಿ ಕೋಶಗಳ ಭೇಟಿ. ಒಂದು ಭೇಟಿ ಸುಮಾರು ಒಂದು ನಿಮಿಷ. ಅಷ್ಟರೊಳಗೆ ಟಿ ಕೋಶ ತನ್ನ ಮೈಯ ಸೂಕ್ಷ್ಮ ಚಾಚುಗಳನ್ನು ಆಡಿಸಿ, ತಾಗಿದ ಜಾಗದ ನೂರಕ್ಕೆ 98ರಷ್ಟನ್ನು ತಡವಿ ಮುಗಿಸುತ್ತದೆ ಎಂದು ಸ್ಯಾನ್ ಫ್ರಾನ್ಸಿಸ್ಕೊದ ವಿಜ್ಞಾನಿಗಳು 2017ರಲ್ಲಿ ಚಿತ್ರ ತೆಗೆದು ತೋರಿಸಿದರು.

ಸಿಕ್ಕಿತೋ, ಆಮೇಲೆ ದ್ವಿಗುಣದ ಆಟ. ಇಲಿಗೆ ಒಂದು ವೈರಸ್ ತಗುಲಿಸಿ ನೋಡಿದ ಪ್ರಯೋಗದಲ್ಲಿ ನೂರು ಇನ್ನೂರು ಇದ್ದ ಕೋಶಗಳು ಎಂಟು ದಿನಗಳಲ್ಲಿ ಒಂದು ಕೋಟಿ ಆದವು. ಎಂಟು ದಿನಕ್ಕೆ ಸುಮಾರು ಹದಿನಾರು ದ್ವಿಗುಣ. ಸೋಂಕು ಹೋದ ಮೇಲೆ ಬಹುಪಾಲು ಸಾಯುತ್ತವೆ, ಕೆಲವು ಉಳಿಯುತ್ತವೆ. ಎಷ್ಟು ಕಾಲ? ಸಿಡುಬಿನ ಲಸಿಕೆ ಹಾಕಿಸಿಕೊಂಡ ಅಮೆರಿಕನ್ನರಲ್ಲಿ 75 ವರ್ಷಗಳ ಮೇಲೂ ಆ ನೆನಪಿನ ಟಿ ಕೋಶಗಳು ಸಿಕ್ಕಿದ್ದವು, 8ರಿಂದ 15 ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುವ ಲೆಕ್ಕದಲ್ಲಿ. ನಮ್ಮಲ್ಲೂ ಐವತ್ತು ದಾಟಿದ ಅನೇಕರ ತೋಳಿನ ಮೇಲೆ ಆ ಲಸಿಕೆಯ ಕಲೆ ಇನ್ನೂ ಇದೆ.

ತನ್ನದನ್ನೇ ಕೊಲ್ಲುವ ಕೋಶಗಳನ್ನು ಎದೆಗೂಡಿನ ಥೈಮಸ್ ಗ್ರಂಥಿ ಎಳವೆಯಲ್ಲೇ ತೆಗೆದುಹಾಕುತ್ತದೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಅಲ್ಲಿನ ಕಡಿತ ಘೋರವೇ ಸರಿ. ಎಳೆಯ ಇಲಿಯ ಥೈಮಸ್‌ನಲ್ಲಿ ದಿನಕ್ಕೆ ಸುಮಾರು 5 ಕೋಟಿ ಕೋಶಗಳು ಹುಟ್ಟುತ್ತವೆ, ಹೊರಬರುವುದು ಹತ್ತಿಪ್ಪತ್ತು ಲಕ್ಷ. ಆದರೂ ಈ ಸೋಸುವಿಕೆ ಪೂರ್ತಿಯಲ್ಲ ಎಂದು 2015ರಲ್ಲಿ ಡೇವಿಸ್ ತಂಡ ಕಂಡಿತು. ಗಂಡಸರ ದೇಹದಲ್ಲಿ ಮಾತ್ರ ಇರುವ ಒಂದು ಪೆಪ್ಟೈಡನ್ನು ಆರಿಸಿಕೊಂಡು, ಅದನ್ನು ಗುರುತಿಸುವ ಟಿ ಕೋಶಗಳನ್ನು ಗಂಡಸರಲ್ಲೂ ಹೆಂಗಸರಲ್ಲೂ ಎಣಿಸಿದರು. ಗಂಡಸರಲ್ಲಿ ಅವು ಒಂದೂ ಇರಬಾರದಿತ್ತು. ಇದ್ದವು, ಹೆಂಗಸರಲ್ಲಿ ಇದ್ದದ್ದರ ಮೂರರಲ್ಲೊಂದು ಭಾಗ. ನಮ್ಮ ಮೇಲೆ ತಿರುಗಬಲ್ಲ ಕೋಶಗಳು ಎಲ್ಲರೊಳಗೂ ಇವೆ, ಬೇರೆ ಕೋಶಗಳು ಅವನ್ನು ತಡೆದು ಹಿಡಿದಿವೆ. ಆ ತಡೆಯುವ ಕೋಶಗಳನ್ನು ಅರಿತದ್ದಕ್ಕೇ 2025ರ ನೊಬೆಲ್ ಹೋಯಿತು. ಎಲ್ಲವನ್ನೂ ಕಿತ್ತುಹಾಕಿದರೆ ಗ್ರಾಹಿಗಳ ಸಾಲಿನಲ್ಲಿ ತೂತುಗಳು ಬೀಳುತ್ತವೆ, ಆ ತೂತುಗಳಲ್ಲಿ ರೋಗಾಣು ನುಸುಳುತ್ತದೆ ಎಂಬುದು ಡೇವಿಸ್ ಅವರ ವಾದ. ನನಗೂ ಅದು ಒಪ್ಪಿಗೆ.

ಸಡಿಲತೆಯ ಇನ್ನೊಂದು ಫಲವನ್ನು ಅದೇ ತಂಡ 2013ರಲ್ಲಿ ನೋಡಿತ್ತು. ಎಚ್‌ಐವಿ ಎಂದೂ ತಗುಲದ ಆರೋಗ್ಯವಂತ ವಯಸ್ಕರ ರಕ್ತದಲ್ಲಿ ಎಚ್‌ಐವಿಯನ್ನು ಗುರುತಿಸುವ ಟಿ ಕೋಶಗಳಿದ್ದವು. ಅಷ್ಟೇ ಆದರೆ ಅಚ್ಚರಿಯಿಲ್ಲ. ಎಂದೂ ಕಾಣದ ವೈರಸ್ಸುಗಳನ್ನು ಗುರುತಿಸುವ ಇಂಥ ಕೋಶಗಳಲ್ಲಿ ಅರ್ಧಕ್ಕೂ ಹೆಚ್ಚು ಆಗಲೇ ಪಳಗಿದ, ನೆನಪಿನ ಕೋಶಗಳಾಗಿದ್ದವು. ನವಜಾತ ಶಿಶುಗಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಹಾಗಿರಲಿಲ್ಲ. ನಡುವಿನ ವರ್ಷಗಳಲ್ಲಿ ಆಗಿದ್ದೇನು? ಮಣ್ಣು, ನೀರು, ಕರುಳು, ಚರ್ಮದ ಲೆಕ್ಕವಿಲ್ಲದ ಸೂಕ್ಷ್ಮಜೀವಿಗಳ ಪೆಪ್ಟೈಡುಗಳನ್ನು ಮುಟ್ಟಿ ಮುಟ್ಟಿ ಅವು ಪಳಗಿದ್ದವು. ಆ ಪೆಪ್ಟೈಡುಗಳಲ್ಲಿ ಕೆಲವು ವೈರಸ್ಸಿನದನ್ನು ಹೋಲುತ್ತಿದ್ದವು. ದೊಡ್ಡವರಿಗಿಂತ ಎಳೆಯ ಮಕ್ಕಳು ಸೋಂಕಿಗೆ ಹೆಚ್ಚು ಈಡಾಗುವುದಕ್ಕೆ ಇದೂ ಒಂದು ಕಾರಣವಿರಬಹುದು ಎಂದು ಅವರು ಬರೆದರು.

ಒಂದು ಗ್ರಾಹಿಯ ಜೀನನ್ನು ಓದಿ, ಇದು ಇಂಥ ಪೆಪ್ಟೈಡನ್ನು ಗುರುತಿಸುತ್ತದೆ ಎಂದು ಹೇಳುವ ವಿದ್ಯೆ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಆ ಕಡೆಗಿನ ಒಂದು ದೊಡ್ಡ ಹೆಜ್ಜೆ ಕ್ಷಯರೋಗದ ನೆಲದಲ್ಲಿ ಬಿತ್ತು. ಲೋಕದ ಜನರಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಜನರ ಮೈಯಲ್ಲಿ ಕ್ಷಯದ ಬ್ಯಾಕ್ಟೀರಿಯಾ ಹೊಕ್ಕಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಅವರಲ್ಲಿ ಬಹುತೇಕರಿಗೆ ಕಾಯಿಲೆ ಬರುವುದೇ ಇಲ್ಲ. ದಕ್ಷಿಣ ಆಫ್ರಿಕದಲ್ಲಿ ಹೀಗೆ ಸೋಂಕು ಹೊತ್ತೂ ಆರೋಗ್ಯವಾಗಿದ್ದ 22 ಮಂದಿಯ ರಕ್ತದಿಂದ ಡೇವಿಸ್ ತಂಡ ಕ್ಷಯಕ್ಕೆ ಸ್ಪಂದಿಸುವ 5,711 ಬೀಟಾ ಎಳೆಗಳನ್ನು ಓದಿತು. ಮೇಲುನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಸಾವಿರಾರು ಸರಗಳು. ಕದಡಿದ ಭಾಗದ ಮೂರು ನಾಲ್ಕು ಅಕ್ಷರಗಳ ಹೋಲಿಕೆ ಹಿಡಿದು ಕಂಪ್ಯೂಟರ್ ಅವನ್ನು ಗುಂಪು ಕಟ್ಟಿತು. ಬೇರೆ ಬೇರೆ ಮನೆಯ, ಒಬ್ಬರನ್ನೊಬ್ಬರು ಕಾಣದ ಜನರ ದೇಹಗಳು ಒಂದೇ ಪೆಪ್ಟೈಡಿಗೆ ಒಂದೇ ಬಗೆಯ ಉತ್ತರ ಕಂಡುಕೊಂಡಿದ್ದವು. 2017ರ ಆ ಲೇಖನದಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ಗುಂಪಿನ ಲಕ್ಷಣ ನೋಡಿ, ಯಾರ ಮೈಯಲ್ಲೂ ಹುಟ್ಟದ ಗ್ರಾಹಿಗಳನ್ನು ತಾವೇ ಬರೆದು ಕಟ್ಟಿದರು. ಆ ಗ್ರಾಹಿಗಳೂ ಕ್ಷಯದ ಪೆಪ್ಟೈಡನ್ನು ಗುರುತಿಸಿದವು.